ಮೂವತ್ತೆಂಟನೆಯ ಹಲ್ಲು

ಚೀಟಿಯಲ್ಲಿ 38 ಎಂದು ಬರೆದಿತ್ತು. ಮನುಷ್ಯನ ಬಾಯಲ್ಲಿರುವುದೇ 32 ಹಲ್ಲು, ಈ ಮೂವತ್ತೆಂಟನೆಯದು ಎಲ್ಲಿಂದ ಬಂತು ಎಂದು ಕೇಳಬೇಕೆನ್ನಿಸಿತು. ಕೇಳುವುದಕ್ಕೆ ಬಾಯಿ ತೆರೆಯಬೇಕಲ್ಲ! ಒಂದು ಬೆರಳು ತೂರುವಷ್ಟೇ ತೆರೆಯುತ್ತಿತ್ತು. ಆ ಬೆಳಿಗ್ಗೆ ಇಡ್ಲಿಯನ್ನು ಚೂರು ಚೂರು ಮಾಡಿ, ತುಟಿಯ ಸಂದಿಯಿಂದ ಒಳಗೆ ತಳ್ಳಿ ನುಂಗಿ ಬಂದಿದ್ದೆ.

ಆಮೇಲೆ ಗೊತ್ತಾಯಿತು, ಅದು ಲೆಕ್ಕವಲ್ಲ, ವಿಳಾಸ. ದಂತವೈದ್ಯರು ಬಾಯಿಯನ್ನು ನಾಲ್ಕು ಕೇರಿಗಳಾಗಿ ಹಂಚಿಕೊಂಡಿದ್ದಾರೆ. ರೋಗಿಯ ಮೇಲಿನ ಬಲಭಾಗ 1, ಮೇಲಿನ ಎಡ 2, ಕೆಳಗಿನ ಎಡ 3, ಕೆಳಗಿನ ಬಲ 4. ಪ್ರತಿ ಕೇರಿಯಲ್ಲೂ ಮುಂದಿನ ನಡುಹಲ್ಲು ಮೊದಲ ಮನೆ, ಹಿಂದಿನ ದವಡೆಹಲ್ಲು ಎಂಟನೆಯ ಮನೆ. ಹಾಗಾಗಿ 38 ಎಂದರೆ ಮೂರನೆಯ ಕೇರಿಯ ಎಂಟನೆಯ ಮನೆ, ಕೆಳಗಿನ ಎಡ ಮೂಲೆ. ನಿಮ್ಮ ಚೀಟಿಯಲ್ಲಿ 18, 28, 38, 48 ಇವುಗಳಲ್ಲಿ ಯಾವುದಿದ್ದರೂ ಮಾತು ಬುದ್ಧಿಹಲ್ಲಿನದು.

ಬುದ್ಧಿಗೂ ಅದಕ್ಕೂ ನಂಟಿಲ್ಲ. ಸಾಮಾನ್ಯವಾಗಿ 17ರಿಂದ 25ರ ನಡುವೆ, ಅಂದರೆ ಬುದ್ಧಿ ಬಂತು ಎಂದು ಮನೆಯವರು ಅಂದುಕೊಳ್ಳುವ ವಯಸ್ಸಿನಲ್ಲಿ ಕಾಣಿಸಿಕೊಳ್ಳುವುದರಿಂದ ಆ ಹೆಸರು. ಕೋರ್ಟಿನಲ್ಲಿ ಒಬ್ಬನಿಗೆ ಹದಿನೆಂಟು ತುಂಬಿದೆಯೋ ಇಲ್ಲವೋ ಎಂಬ ಪ್ರಶ್ನೆ ಎದ್ದು ದಾಖಲೆ ಸಿಗದಿದ್ದಾಗ, ವೈದ್ಯರು ನೋಡುವ ಗುರುತುಗಳಲ್ಲಿ ಈ ಹಲ್ಲಿನ ಬೇರು ಎಷ್ಟು ಬೆಳೆದಿದೆ ಎಂಬುದೂ ಒಂದು. ಬುದ್ಧಿಯ ಸಾಕ್ಷಿಯಾಗದಿದ್ದರೂ ವಯಸ್ಸಿನ ಸಾಕ್ಷಿಯಾಗಬಲ್ಲದು, ಅದೂ ಅಂದಾಜಿಗೆ ಮಾತ್ರ.

ಹಾಲುಹಲ್ಲು ಬಿದ್ದ ಜಾಗದಲ್ಲಿ ಬರುವ ಹಲ್ಲುಗಳಿಗೆ ಮೊದಲೇ ಜಾಗ ಕಾದಿರಿಸಿರುತ್ತದೆ. ದವಡೆಹಲ್ಲುಗಳಿಗೆ ಆ ಭಾಗ್ಯವಿಲ್ಲ. ಅವು ಬೆಳೆಯುವ ದವಡೆಯ ಹಿಂಬದಿಯಲ್ಲಿ ಹೊಸದಾಗಿ ಜಾಗ ಹುಡುಕಿಕೊಳ್ಳಬೇಕು. ಮೊದಲನೆಯದು ಆರನೆಯ ವಯಸ್ಸಿನ ಸುಮಾರಿಗೆ, ಎರಡನೆಯದು ಹನ್ನೆರಡರ ಸುಮಾರಿಗೆ ಬಂದು ಕೂರುತ್ತವೆ. ಮೂರನೆಯದು ಬರುವ ಹೊತ್ತಿಗೆ ಪಂಕ್ತಿ ತುಂಬಿರುತ್ತದೆ, ಎಲೆ ಹಾಕಿ ಬಡಿಸಿಯೂ ಆಗಿರುತ್ತದೆ. ತಡವಾಗಿ ಬಂದ ಈ ನೆಂಟ ಕೆಲವರ ಬಾಯಲ್ಲಿ ಹೇಗೋ ಸರಿದು ಕೂತುಬಿಡುತ್ತಾನೆ, ಕೆಲವರ ಬಾಯಲ್ಲಿ ಪಕ್ಕದವರ ಮೈಮೇಲೆ ಒರಗುತ್ತಾನೆ.

ಜಾಗ ಏಕಿಲ್ಲ? ಬೇಯಿಸಿ, ಬೀಸಿ, ಅರೆದು ಮೆತ್ತಗೆ ಮಾಡಿದ ಅನ್ನ ತಿನ್ನುವ ನಮ್ಮ ದವಡೆಗೆ ಬೇಟೆಯಾಡಿ ಬೇರು ಅಗಿಯುತ್ತಿದ್ದ ಪೂರ್ವಜರ ದವಡೆಯಷ್ಟು ಕೆಲಸವಿಲ್ಲ. ತಲೆಮಾರುಗಳಿಂದ ಅದು ಚಿಕ್ಕದಾಗುತ್ತ ಬಂದಿದೆ, ಹಲ್ಲಿನ ಗಾತ್ರ ಅಷ್ಟೇ ವೇಗದಲ್ಲಿ ಕುಗ್ಗಿಲ್ಲ. ಈ ಹಲ್ಲು ಕ್ರಮೇಣ ನಿರುಪಯೋಗಿ ಅಂಗವಾಗುತ್ತಿರುವಂತಿದೆ ಎಂದು ಡಾರ್ವಿನ್ 1871ರಲ್ಲೇ ಬರೆದಿದ್ದ. ಜಗತ್ತಿನಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ನಾಲ್ಕರಲ್ಲಿ ಒಂದಾದರೂ ಬುದ್ಧಿಹಲ್ಲು ಹುಟ್ಟುವುದೇ ಇಲ್ಲ. ನನ್ನ ತಂಗಿ ಆ ಪುಣ್ಯವಂತರ ಸಾಲಿನವಳು. ನನ್ನ ಊದಿದ ಕೆನ್ನೆ ನೋಡಿ, "ನನಗೆ ಬುದ್ಧಿ ಹುಟ್ಟಿನಿಂದಲೇ ಬಂದಿತ್ತು, ಹಲ್ಲು ಬೇಕಾಗಲಿಲ್ಲ" ಅಂದಳು.

ಸಿಕ್ಕಿಕೊಂಡ ಹಲ್ಲನ್ನು ವೈದ್ಯರು 'ಇಂಪ್ಯಾಕ್ಟೆಡ್' ಎನ್ನುತ್ತಾರೆ, ಹೂತುಹೋದ ಹಲ್ಲು ಎಂದುಕೊಳ್ಳಬಹುದು. ಅದು ಮುಂದಕ್ಕೆ ವಾಲಿ ಪಕ್ಕದ ಹಲ್ಲಿಗೆ ತಲೆ ಕೊಟ್ಟಿರಬಹುದು; ಕೆಳದವಡೆಯಲ್ಲಿ ಹೆಚ್ಚಾಗಿ ಕಾಣುವುದು ಇದೇ. ನೆಟ್ಟಗೆ ನಿಂತೂ ಮೇಲೆ ಬರಲಾಗದೆ ಇರಬಹುದು, ಹಿಂದಕ್ಕೆ ವಾಲಿರಬಹುದು, ಇಲ್ಲವೇ ಪೂರ್ತಿ ಅಡ್ಡ ಮಲಗಿರಬಹುದು. ನನ್ನದು ಅಡ್ಡ ಮಲಗಿದ್ದು. ಎಕ್ಸ್‌ರೇಯಲ್ಲಿ ನೋಡಿದರೆ ಮಧ್ಯಾಹ್ನದ ನಿದ್ದೆಗೆ ಜಾರಿದವರ ಹಾಗೆ ಕಾಣುತ್ತಿತ್ತು.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿರಲಿ. ಪೂರ್ತಿ ಹೊರಬಂದು ನೇರವಾಗಿ ನಿಂತ ಬುದ್ಧಿಹಲ್ಲು ಸಾಮಾನ್ಯ ದವಡೆಹಲ್ಲಿನ ಹಾಗೆಯೇ, ಬ್ರಷ್ ತಲುಪಿದರೆ ಇರಲಿ. ಮೂಳೆಯೊಳಗೆ ಪೂರ್ತಿ ಮುಚ್ಚಿಕೊಂಡು ಮಲಗಿದ್ದೂ ಬಹಳ ಸಲ ತಂಟೆ ಮಾಡದು. ರಗಳೆಯೆಲ್ಲ ಅರ್ಧ ಒಳಗೆ, ಅರ್ಧ ಹೊರಗೆ ನಿಂತದ್ದರದು. ಅದರ ತಲೆಯ ಮೇಲೆ ಒಸಡಿನ ಒಂದು ಪದರ ಮುಸುಕಿನ ಹಾಗೆ ಉಳಿದಿರುತ್ತದೆ. ಮುಸುಕಿನ ಅಡಿಗೆ ಅನ್ನದ ಅಗುಳು, ಸೊಪ್ಪಿನ ನಾರು ನುಗ್ಗುತ್ತವೆ. ಒಳಗೆ ನುಗ್ಗಿದ್ದು ಹೊರಗೆ ಬರದು, ಬ್ರಷ್ಷಿನ ಎಳೆ ಒಳಗೆ ಹೋಗದು. ಗಾಳಿಯಾಡದ ಆ ಸಂದಿ ಬ್ಯಾಕ್ಟೀರಿಯಾಗಳಿಗೆ ಹೇಳಿ ಮಾಡಿಸಿದ ಮನೆ. ಒಸಡು ಊದುತ್ತದೆ, ಊದಿದ ಒಸಡನ್ನು ಮೇಲಿನ ಹಲ್ಲು ಪ್ರತಿ ತುತ್ತಿಗೂ ಕಚ್ಚುತ್ತದೆ, ಕಚ್ಚಿದಷ್ಟೂ ಇನ್ನಷ್ಟು ಊದುತ್ತದೆ. ಬಾಯಿಂದ ಕೆಟ್ಟ ವಾಸನೆ, ನುಂಗಿದರೆ ಕಿವಿಯವರೆಗೂ ಹೊಡೆಯುವ ನೋವು, ದವಡೆಯ ಸ್ನಾಯು ಬಿಗಿದು ಬಾಯಿ ತೆರೆಯದಿರುವುದು, ಇವೆಲ್ಲ ಅದರ ಲಕ್ಷಣ. ಇದಕ್ಕೆ 'ಪೆರಿಕೊರೊನೈಟಿಸ್' ಎಂದು ಹೆಸರು.

ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಒಂದೂವರೆ ವರ್ಷದಲ್ಲಿ ಮೂರು ಸಲ ಈ ನೋವು ಬಂತು. ಮೂರು ಸಲವೂ ಮೆಡಿಕಲ್ ಶಾಪಿಗೆ ಹೋಗಿ, "ಹಲ್ಲು ನೋವು, ಒಂದು ಕೋರ್ಸ್ ಕೊಡಿ" ಎಂದು ಮಾತ್ರೆ ತಂದು ನುಂಗಿದೆ. ಮೂರು ಸಲವೂ ನಾಲ್ಕು ದಿನದಲ್ಲಿ ಕಡಿಮೆಯಾಯಿತು. ಕಡಿಮೆಯಾದದ್ದು ಊತವೇ ಹೊರತು ಮುಸುಕಲ್ಲ. ಮುಸುಕು ಇರುವವರೆಗೆ ಅಗುಳು ಹೋಗಿ ಕೂರುತ್ತಲೇ ಇರುತ್ತದೆ. ವೈದ್ಯರು ಮೊದಲು ಮಾಡಿದ ಕೆಲಸ ಮಾತ್ರೆ ಬರೆದದ್ದಲ್ಲ. ಮೊಂಡು ತುದಿಯ ಸೂಜಿಯಿಂದ ಮುಸುಕಿನ ಅಡಿಗೆ ಔಷಧಿ ನೀರು ಚಿಮ್ಮಿಸಿ ತೊಳೆದರು. ಅದರಿಂದಲೇ ಸಂಜೆಯೊಳಗೆ ಅರ್ಧ ನೋವು ಇಳಿಯಿತು. ಆ್ಯಂಟಿಬಯೋಟಿಕ್ ಬೇಕಾಗುವುದು ಜ್ವರ ಬಂದಾಗ, ಊತ ಹರಡಿದಾಗ, ಬಾಯಿ ಬಿಗಿದಾಗ. ನನ್ನದು ಆ ಹಂತಕ್ಕೆ ಬಂದಿತ್ತಾದ್ದರಿಂದ ಅದನ್ನೂ ಕೊಟ್ಟರು. ಬರೆದುಕೊಟ್ಟದ್ದರಲ್ಲಿ ಮೆಟ್ರೊನಿಡಜೋಲ್ ಇದ್ದರೆ ಆ ದಿನಗಳಲ್ಲಿ ಮದ್ಯ ಮುಟ್ಟಬಾರದು. ಕೆಲವರು ಆಸ್ಪಿರಿನ್ ಮಾತ್ರೆಯನ್ನು ನೇರವಾಗಿ ಒಸಡಿನ ಮೇಲೆ ಇಟ್ಟುಕೊಳ್ಳುತ್ತಾರೆ, ಅದು ಒಸಡನ್ನು ಸುಡುತ್ತದೆ. ಬಿಸಿ ಉಪ್ಪುನೀರು ಬಾಯಲ್ಲಿ ನಿಲ್ಲಿಸಿಕೊಳ್ಳುವುದು ಮನೆಮದ್ದುಗಳಲ್ಲೇ ಮೇಲು.

ಮನೆಮದ್ದಿಗೆ ಜಾಗವಿಲ್ಲದ ಸ್ಥಿತಿಯೂ ಒಂದಿದೆ. ಗದ್ದದ ಕೆಳಗೆ ಎರಡೂ ಬದಿ ಗಟ್ಟಿಯಾಗಿ ಊದಿ, ನಾಲಿಗೆ ಮೇಲಕ್ಕೆದ್ದು, ಎಂಜಲು ನುಂಗಲಾಗದೆ, ಉಸಿರು ಕಟ್ಟಿದಂತಾದರೆ ಬೆಳಗಾಗುವವರೆಗೆ ಕಾಯಬಾರದು. ಕೀವು ಬಾಯಿಯ ತಳಕ್ಕೆ ಇಳಿದು ಉಸಿರಿನ ದಾರಿಯನ್ನೇ ಒತ್ತುತ್ತಿದೆ ಎಂದರ್ಥ. ಅಂಥವರು ಹೋಗಬೇಕಾದದ್ದು ಹಲ್ಲಿನ ಕ್ಲಿನಿಕ್ಕಿಗಲ್ಲ, ತುರ್ತು ಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಗೆ.

ಬಾಯಿ ತೆರೆಯದಿರುವುದಕ್ಕೆ ನಮ್ಮಲ್ಲಿ ಇನ್ನೊಂದು ಕಾರಣವೂ ಇದೆ. ಗುಟ್ಕಾ, ಅಡಿಕೆ ಜಗಿಯುವವರ ಕೆನ್ನೆಯ ಒಳಪದರ ವರ್ಷಗಳಲ್ಲಿ ಗಟ್ಟಿಯಾಗಿ, ಬಿಳಿಚಿ, ನಾರಿನಂತಾಗುತ್ತದೆ. ಬಾಯಿ ನಿಧಾನಕ್ಕೆ ಮುಚ್ಚುತ್ತ ಹೋಗುತ್ತದೆ, ಖಾರ ತಾಗಿದರೆ ಉರಿಯುತ್ತದೆ. ಅದು ಕ್ಯಾನ್ಸರಿಗೆ ತಿರುಗಬಲ್ಲ ಬೇರೆಯೇ ಕಾಯಿಲೆ. ಬುದ್ಧಿಹಲ್ಲಿನ ನೋವು ದಿನಗಳಲ್ಲಿ ಬಾಯಿ ಬಿಗಿಸುತ್ತದೆ, ಅದು ತಿಂಗಳು, ವರ್ಷಗಳಲ್ಲಿ. ಅಡಿಕೆ ಹಾಕುವ ಅಭ್ಯಾಸವಿದ್ದರೆ ವೈದ್ಯರ ಮುಂದೆ ಮುಚ್ಚಿಡಬೇಡಿ.

ಇನ್ನು ಕೀಳಿಸಬೇಕೇ ಎಂಬ ಪ್ರಶ್ನೆ. ಅಮೆರಿಕದಲ್ಲಿರುವ ನೆಂಟರ ಮಕ್ಕಳು ಹೈಸ್ಕೂಲು ಮುಗಿಯುವ ಹೊತ್ತಿಗೆ ನಾಲ್ಕನ್ನೂ ಒಟ್ಟಿಗೆ ತೆಗೆಸಿಕೊಂಡು ಕೆನ್ನೆ ಉಬ್ಬಿಸಿಕೊಂಡ ಫೋಟೊ ಕಳಿಸುತ್ತಾರೆ. ಅಲ್ಲಿ ನೋವು ಬರುವ ಮುನ್ನವೇ ತೆಗೆಸುವುದು ಬಹುಕಾಲದ ರೂಢಿ. ಚಿಕಿತ್ಸೆಗಳಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2000ದಲ್ಲಿ ಇದಕ್ಕೆ ತದ್ವಿರುದ್ಧ ಸಲಹೆ ಕೊಟ್ಟಿತು: ರೋಗವಿಲ್ಲದ ಹೂತ ಹಲ್ಲನ್ನು ಮುನ್ನೆಚ್ಚರಿಕೆಗೆಂದು ಕೀಳಬೇಡಿ. ಎರಡರ ನಡುವೆ ನನ್ನ ಒಲವು ಬ್ರಿಟನ್ನಿನ ಕಡೆಗೆ, ಆದರೆ ಒಂದು ತಕರಾರಿನೊಂದಿಗೆ. ಮುಂದಕ್ಕೆ ವಾಲಿದ ಹಲ್ಲು ತಾನು ಸುಮ್ಮನಿದ್ದೂ ಪಕ್ಕದ ಏಳನೆಯ ಹಲ್ಲನ್ನು ಹಾಳು ಮಾಡಬಲ್ಲದು. ಎರಡರ ಸಂದಿಯಲ್ಲಿ ಕಸ ನಿಂತು ಏಳನೆಯದರ ಬೆನ್ನಿಗೆ ಹುಳುಕು ಹತ್ತುತ್ತದೆ. ಕನ್ನಡಿಯಲ್ಲಿ ಕಾಣುವುದಿಲ್ಲ, ನೋವು ಬರುವ ಹೊತ್ತಿಗೆ ಒಳ್ಳೆಯ ಹಲ್ಲೇ ಕೈಬಿಟ್ಟಿರುತ್ತದೆ. ಆದ್ದರಿಂದ "ಬಿಟ್ಟುಬಿಡಿ" ಎಂದರೆ "ಮರೆತುಬಿಡಿ" ಎಂದಲ್ಲ, ವರ್ಷ ಎರಡು ವರ್ಷಕ್ಕೊಮ್ಮೆ ತೋರಿಸುತ್ತಿರಿ ಎಂದು. ಒಸಡು ಮತ್ತೆ ಮತ್ತೆ ಊದುವುದು, ಹುಳುಕು, ಹಲ್ಲಿನ ಸುತ್ತ ನೀರುಗುಳ್ಳೆಯಂಥ ಚೀಲ ಬೆಳೆದು ಮೂಳೆ ತಿನ್ನುವುದು, ಇವು ಕೀಳಿಸಲು ಗಟ್ಟಿ ಕಾರಣಗಳು. "ಮುಂದಿನ ಹಲ್ಲು ಒತ್ತೊತ್ತಾಗುತ್ತಿದೆ, ಹಿಂದಿನಿಂದ ತಳ್ಳುತ್ತಿದೆ" ಎನ್ನುವುದು ಗಟ್ಟಿ ಕಾರಣವಲ್ಲ. ಬುದ್ಧಿಹಲ್ಲು ಇಲ್ಲದವರಿಗೂ ವಯಸ್ಸಾದಂತೆ ಮುಂದಿನ ಹಲ್ಲು ಒತ್ತಾಗುತ್ತವೆ.

ಕೀಳಿಸುವುದೇ ಆದರೆ ಇಪ್ಪತ್ತರ ಆಸುಪಾಸಿನಲ್ಲಿ ಸುಲಭ. ಬೇರು ಪೂರ್ತಿ ಬಲಿತಿರುವುದಿಲ್ಲ, ಮೂಳೆ ಎಳೆಯದು, ಗಾಯ ಬೇಗ ಮಾಯುತ್ತದೆ. ಓದಲು ವಿದೇಶಕ್ಕೆ ಹೊರಟ ಮಕ್ಕಳಿದ್ದರೆ ವೀಸಾ ಓಡಾಟದ ನಡುವೆ ದವಡೆಯ ಒಂದು ಎಕ್ಸ್‌ರೇ ತೆಗೆಸಿಡುವುದು ಜಾಣತನ. ಹೊರದೇಶಗಳಲ್ಲಿ ಹಲ್ಲಿನ ವಿಮೆ ಎಷ್ಟೋ ಕಡೆ ಬೇರೆಯೇ ಇರುತ್ತದೆ.

ಆ ಎಕ್ಸ್‌ರೇಗೆ ಓಪಿಜಿ ಎನ್ನುತ್ತಾರೆ. ಗದ್ದವನ್ನು ಒಂದು ಪಟ್ಟಿಯ ಮೇಲಿಟ್ಟು, ಮುಂದಿನ ಹಲ್ಲಿನಿಂದ ಒಂದು ಕಡ್ಡಿ ಕಚ್ಚಿ ಅಲುಗಾಡದೆ ನಿಂತರೆ ಯಂತ್ರ ತಲೆಯ ಸುತ್ತ ಒಂದು ಸುತ್ತು ಬರುತ್ತದೆ. ಕಿವಿಯಿಂದ ಕಿವಿಯವರೆಗಿನ ಎಲ್ಲ ಹಲ್ಲೂ ಒಂದೇ ಚಿತ್ರದಲ್ಲಿ. ವೈದ್ಯರು ಅದರಲ್ಲಿ ಹಲ್ಲಿಗಿಂತ ಹೆಚ್ಚು ಹುಡುಕುವುದು ಒಂದು ನರವನ್ನು. ಕೆಳದವಡೆಯ ಮೂಳೆಯೊಳಗೆ ಕೊಳವೆಯಂಥ ದಾರಿಯಿದ್ದು, ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವ ನರ ಅದರಲ್ಲಿ ಹರಿಯುತ್ತದೆ. ಬುದ್ಧಿಹಲ್ಲಿನ ಬೇರು ಕೆಲವೊಮ್ಮೆ ಅದಕ್ಕೆ ತಾಗಿಯೇ ಇರುತ್ತದೆ. ಕೊಳವೆಯ ಬಿಳಿ ಗೆರೆ ಬೇರಿನ ಬಳಿ ಅಳಿಸಿಹೋದರೆ, ಬೇರು ಅಲ್ಲಿ ಕಪ್ಪಾಗಿ ಕಂಡರೆ, ಕೊಳವೆ ಪಕ್ಕಕ್ಕೆ ಬಾಗಿದ್ದರೆ ಎಚ್ಚರಿಕೆ. ಆಗ ಮೂರು ಆಯಾಮದ ಸ್ಕ್ಯಾನ್ ಕೇಳುತ್ತಾರೆ. ಬೇರು ನರಕ್ಕೆ ತೀರ ಅಂಟಿದ್ದರೆ ಹಲ್ಲಿನ ತಲೆಯನ್ನಷ್ಟೇ ಕತ್ತರಿಸಿ ತೆಗೆದು ಬೇರನ್ನು ಅಲ್ಲೇ ಬಿಡುವ ವಿಧಾನವೂ ಇದೆ. ಬಿಟ್ಟ ಬೇರಿನ ಮೇಲೆ ಮೂಳೆ ಬೆಳೆದು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ನಾಲಿಗೆಗೆ ಹೋಗುವ ನರ ಈ ಹಲ್ಲಿನ ಪಕ್ಕದಲ್ಲೇ, ಒಸಡಿನ ಒಳಬದಿಯಲ್ಲಿ ಸಾಗುತ್ತದೆ. ತುಟಿ ಅಥವಾ ನಾಲಿಗೆಯ ಅರ್ಧ ಕೆಲವು ವಾರ ಜೋಮು ಹಿಡಿದಂತಿರುವುದು ಕೆಲವರಿಗೆ ಆಗುತ್ತದೆ, ಶಾಶ್ವತವಾಗಿ ಉಳಿಯುವುದು ತೀರ ಅಪರೂಪ. ಅಪರೂಪವಾದರೂ ಸಹಿ ಹಾಕುವ ಮೊದಲು ಕೇಳಿಯೇ ತಿಳಿದುಕೊಳ್ಳಬೇಕು.

"ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ" ಎಂಬ ಹೆದರಿಕೆ ನಮ್ಮ ಅಜ್ಜಿಯದು, ಬಹುಶಃ ನಿಮ್ಮ ಅಜ್ಜಿಯದೂ. ನೋಟದ ನರಕ್ಕೂ ಹಲ್ಲಿನ ನರಕ್ಕೂ ಸಂಬಂಧವಿಲ್ಲ. ಹಲ್ಲು ಕೀಳಿಸುವ ವಯಸ್ಸು, ಕಣ್ಣು ಮಂಜಾಗುವ ವಯಸ್ಸು ಹಿಂದಿನವರಿಗೆ ಒಟ್ಟೊಟ್ಟಿಗೆ ಬರುತ್ತಿತ್ತು, ಅಷ್ಟೇ. ಮೇಲಿನ ಬುದ್ಧಿಹಲ್ಲಿನ ನಿಜವಾದ ನೆರೆಮನೆ ಮೇಲ್ದವಡೆಯ ಮೂಳೆಯೊಳಗಿನ ಸೈನಸ್ ಎಂಬ ಗಾಳಿಚೀಲ. ಅಪರೂಪಕ್ಕೆ ಅಲ್ಲಿಗೆ ಸಣ್ಣ ತೂತಾಗಿ ಕುಡಿದ ನೀರು ಮೂಗಿಗೆ ಬರುವುದುಂಟು.

ಎಲ್ಲಿಗೆ ಹೋಗುವುದು? ನೇರ ಹಲ್ಲಾದರೆ ಊರಿನ ದಂತವೈದ್ಯರು ಸಾಕು. ಹೂತ ಹಲ್ಲಿಗೆ ಬಾಯಿ ಮತ್ತು ಮುಖದ ಶಸ್ತ್ರಚಿಕಿತ್ಸೆಯಲ್ಲಿ ಎಂಡಿಎಸ್ ಮಾಡಿದವರು ಒಳ್ಳೆಯದು; ಹಲವು ಕ್ಲಿನಿಕ್ಕುಗಳು ಅಂಥವರನ್ನು ಗೊತ್ತಾದ ದಿನ ಕರೆಸಿಕೊಳ್ಳುತ್ತವೆ. ಖರ್ಚಿನ ಚಿಂತೆಯಿದ್ದರೆ ದಂತ ಕಾಲೇಜುಗಳಿವೆ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು, ಮಣಿಪಾಲ, ಧಾರವಾಡದ ಎಸ್‌ಡಿಎಂ, ದಾವಣಗೆರೆಯ ಬಾಪೂಜಿ ಹೀಗೆ ದಂತ ಕಾಲೇಜುಗಳ ವಿಷಯದಲ್ಲಿ ಕರ್ನಾಟಕಕ್ಕೆ ಬಡತನವಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣೆದುರು ಕೀಳುತ್ತಾರೆ. ಸರದಿ ಉದ್ದ, ದುಡ್ಡು ಕಡಿಮೆ. ಹೋಗುವಾಗ ನೀವು ನುಂಗುವ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ, ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಔಷಧಿ, ಗರ್ಭ, ಇವನ್ನು ಅವರು ಕೇಳುವ ಮುಂಚೆ ನೀವೇ ಹೇಳಬೇಕು. ರಕ್ತದ ಮಾತ್ರೆಯನ್ನು ನೀವಾಗಿ ನಿಲ್ಲಿಸಬಾರದು.

ನನ್ನನ್ನು ಮೊದಲ ದಿನವೇ ಕೂರಿಸಿ ಕೀಳಲಿಲ್ಲ. ವಾರ ಬಿಟ್ಟು ಬನ್ನಿ ಎಂದರು. ನನಗೆ ರೇಗಿತು. ಕಾರಣ ಆಮೇಲೆ ತಿಳಿಯಿತು: ಕೀವು ತುಂಬಿದ ಜಾಗ ಆಮ್ಲೀಯವಾಗಿರುತ್ತದೆ, ಅಲ್ಲಿ ಅರಿವಳಿಕೆ ಚುಚ್ಚುಮದ್ದು ಸರಿಯಾಗಿ ಹತ್ತುವುದಿಲ್ಲ.

ವಾರದ ನಂತರ ಹೊಟ್ಟೆತುಂಬ ತಿಂಡಿ ತಿಂದು ಹೋದೆ. ಪೂರ್ತಿ ಪ್ರಜ್ಞೆ ತಪ್ಪಿಸುವುದಿದ್ದರೆ ಮಾತ್ರ ಖಾಲಿ ಹೊಟ್ಟೆ. ಕೆಳದವಡೆಯ ಮೂಳೆ ದಪ್ಪ, ಹಲ್ಲಿನ ಪಕ್ಕ ಚುಚ್ಚಿದ ಮದ್ದು ಅದನ್ನು ದಾಟದು. ಹಾಗಾಗಿ ನರ ಮೂಳೆಯೊಳಗೆ ಹೊಕ್ಕುವ ಜಾಗಕ್ಕೇ, ಬಾಯಿಯ ಹಿಂಬದಿಯಲ್ಲಿ, ಚುಚ್ಚುತ್ತಾರೆ. ಲಿಗ್ನೊಕೇನ್ ಜತೆ ರಕ್ತನಾಳ ಕುಗ್ಗಿಸಲು ಅಡ್ರಿನಲಿನ್ ಸೇರಿರುತ್ತದೆ. ಅದರಿಂದ ಒಂದೆರಡು ನಿಮಿಷ ಎದೆ ಡವಡವ ಅಂದರೆ ಗಾಬರಿ ಬೇಡ. ಐದು ನಿಮಿಷದಲ್ಲಿ ಅರ್ಧ ತುಟಿ ಮೆತ್ತೆಯ ಹಾಗಾಯಿತು. ಆಮೇಲೆ ತಿಳಿಯುವುದು ಒತ್ತಡ, ಸದ್ದು, ನೋವಲ್ಲ. ಚುರುಕ್ ಎಂದರೆ ಕೈ ಎತ್ತಿ, ಇನ್ನಷ್ಟು ಮದ್ದು ಕೊಡುತ್ತಾರೆ. ಸಂಕೋಚಪಟ್ಟು ಸಹಿಸಿಕೊಂಡರೆ ಮೆಚ್ಚುವವರು ಯಾರೂ ಇಲ್ಲ.

ಒಸಡನ್ನು ಸೀಳಿ ಪುಸ್ತಕದ ಹಾಳೆಯ ಹಾಗೆ ಮಗುಚಿದರು. ತಣ್ಣನೆಯ ಸಲೈನ್ ಸುರಿಯುತ್ತಲೇ ಡ್ರಿಲ್‌ನಿಂದ ಹಲ್ಲಿನ ಸುತ್ತ ಮೂಳೆಯಲ್ಲಿ ಸಣ್ಣ ಕಾಲುವೆ ತೋಡಿದರು. ನೀರಿಲ್ಲದಿದ್ದರೆ ಆ ಬಿಸಿಗೆ ಮೂಳೆ ಸತ್ತುಹೋಗುತ್ತದೆ. ಕಿತ್ತರು ಎನ್ನುತ್ತೇವಾದರೂ ಇಕ್ಕಳ ಹಾಕಿ ಎಳೆದದ್ದೇನಿಲ್ಲ. ಅಡ್ಡ ಮಲಗಿದ್ದನ್ನು ಇಡಿಯಾಗಿ ತೆಗೆಯಬೇಕೆಂದರೆ ಮೂಳೆ ತುಂಬ ಕೊರೆಯಬೇಕು, ಅದಕ್ಕೇ ಹಲ್ಲನ್ನೇ ಎರಡು ಹೋಳು ಮಾಡಿದರು. ಬಾಗಿಲಿಗಿಂತ ದೊಡ್ಡ ಮಂಚವನ್ನು ಬಿಚ್ಚಿ ಹೊರಗೆ ಸಾಗಿಸುವ ಹಾಗೆ. ಹೋಳು ಮಾಡುವಾಗಿನ 'ಕಟಕ್' ಸದ್ದು ತಲೆಬುರುಡೆಯೊಳಗೇ ಕೇಳಿಸುತ್ತದೆ, ಮೊದಲೇ ಹೇಳಿರದಿದ್ದರೆ ದವಡೆಯೇ ಮುರಿಯಿತು ಅಂದುಕೊಳ್ಳುತ್ತಿದ್ದೆ. ಮೀಟುವ ಸಣ್ಣ ಸಲಾಕೆಯಿಂದ ಒಂದೊಂದೇ ಹೋಳು ಎಬ್ಬಿಸಿ, ಗುಳಿ ತೊಳೆದು, ಮೂರು ಹೊಲಿಗೆ ಹಾಕಿದರು. ಒಟ್ಟು ನಲವತ್ತು ನಿಮಿಷ. ಮೇಲಿನ ಹಲ್ಲಾಗಿದ್ದರೆ ಮೂಳೆ ಮೆದು, ಹತ್ತು ನಿಮಿಷದಲ್ಲೇ ಮುಗಿಯುವುದೂ ಉಂಟು.

ಮುಂದಿನ ಇಪ್ಪತ್ತನಾಲ್ಕು ಗಂಟೆಯ ಗುಟ್ಟು ಗುಳಿಯಲ್ಲಿ ಹೆಪ್ಪುಗಟ್ಟುವ ರಕ್ತದಲ್ಲಿದೆ. ಅದೇ ಬ್ಯಾಂಡೇಜು, ಅದರ ಮೇಲೆಯೇ ಹೊಸ ಮಾಂಸ ಹಬ್ಬಬೇಕು. ಮಾಡಬೇಡಿ ಎನ್ನುವುದೆಲ್ಲ ಆ ಹೆಪ್ಪು ಕಿತ್ತು ಬರದಿರಲಿ ಎಂದು: ಉಗುಳಬೇಡಿ, ಎಂಜಲು ನುಂಗಿ, ಮುಕ್ಕಳಿಸಬೇಡಿ, ಸ್ಟ್ರಾ ಹಾಕಿ ಎಳನೀರು ಹೀರಬೇಡಿ, ಲೋಟಕ್ಕೆ ಸುರಿದು ಕುಡಿಯಿರಿ, ಬಿಸಿ ಕಾಫಿ ಬೇಡ. ಕಚ್ಚಲು ಕೊಟ್ಟ ಗಾಜ್ ಬಟ್ಟೆಯನ್ನು ಒಂದು ಗಂಟೆ ಬಿಗಿಯಾಗಿ ಕಚ್ಚಿ ಹಿಡಿಯಿರಿ, ನಡುನಡುವೆ ತೆಗೆದು ಕನ್ನಡಿಯಲ್ಲಿ ಇಣುಕಬೇಡಿ. ಎಂಜಲು ಒಂದು ದಿನ ಕೆಂಪಗಿರುವುದು ಸಹಜ. ಜೋಮು ಎರಡು ಮೂರು ಗಂಟೆಯಲ್ಲಿ ಇಳಿಯುತ್ತದೆ. ಬರೆದುಕೊಟ್ಟ ನೋವಿನ ಮಾತ್ರೆಯನ್ನು ಅದು ಇಳಿಯುವ ಮೊದಲೇ ನುಂಗಿದರೆ ಸಂಜೆ ಸುಖ. ಮೊದಲ ದಿನ ಕೆನ್ನೆಗೆ ಹೊರಗಿನಿಂದ ಐಸು, ಮರುದಿನದಿಂದ ಉಗುರುಬೆಚ್ಚನೆಯ ಉಪ್ಪುನೀರು. ಊತ ಎರಡನೆಯ, ಮೂರನೆಯ ದಿನ ಏರಿ ಆಮೇಲೆ ಇಳಿಯುತ್ತದೆ. ಮೂರನೆಯ ದಿನದ ಮುಖ ನೋಡಿ ಹೆದರಬೇಕಿಲ್ಲ, ಮದುವೆಮನೆಗೆ ಹೋಗುವ ಯೋಚನೆಯೂ ಬೇಡ.

ಊಟದ ವಿಷಯಕ್ಕೆ ಬಂದರೆ ನಮ್ಮ ಅಡುಗೆಮನೆಗೆ ಸಮನಿಲ್ಲ. ತಣ್ಣಗಿನ ಮೊಸರನ್ನ, ರಾಗಿ ಅಂಬಲಿ, ಹಾಲಿನಲ್ಲಿ ನೆನೆಸಿದ ಇಡ್ಲಿ. ಮಂಡ್ಯದ ನಮ್ಮ ದೊಡ್ಡಮ್ಮ ಫೋನಿನಲ್ಲಿ, "ಅಗಿಯಂಗಿಲ್ಲ ಅಂದ್ರೆ ಮುದ್ದೆ ಉಣ್ಣಪ್ಪ, ಅದನ್ನ ಯಾರು ಅಗೀತಾರೆ?" ಅಂದರು. ಮಾತು ಸರಿ. ಮುದ್ದೆ ಆರಿರಬೇಕು, ತುತ್ತು ಗೋಲಿಯಷ್ಟಿರಬೇಕು, ಬಸ್ಸಾರಿನ ಖಾರ ಇಳಿಸಿರಬೇಕು. ಚಕ್ಕುಲಿ, ನಿಪ್ಪಟ್ಟು, ಚುರುಮುರಿ ಎರಡು ವಾರ ಡಬ್ಬಿಯಲ್ಲೇ ಇರಲಿ.

ಹೊಲಿಗೆ ಬಿಚ್ಚಿಸಲು ಏಳನೆಯ ದಿನ ಹೋದಾಗ ಪಕ್ಕದಲ್ಲಿ ಒಬ್ಬ ಹುಡುಗ ಕೆನ್ನೆ ಹಿಡಿದು ಕೂತಿದ್ದ. ನನಗಿಂತ ಸುಲಭದ ಹಲ್ಲು ಅವನದು. ಕಿತ್ತ ಎರಡನೆಯ ದಿನ ನೋವು ಕಡಿಮೆಯಾಯಿತೆಂದು ಒಂದು ಸಿಗರೇಟು ಸೇದಿದ್ದನಂತೆ. ಮಾರನೆಯ ದಿನದಿಂದ ಕಿವಿ, ಕಣ್ಣಿನವರೆಗೂ ಸಿಡಿತ, ಬಾಯಲ್ಲಿ ಕೊಳೆತ ರುಚಿ. ಹೆಪ್ಪು ಕಳಚಿ ಮೂಳೆ ಬರಿದಾದಾಗ ಆಗುವುದು ಇದು, 'ಡ್ರೈ ಸಾಕೆಟ್'. ಲಕ್ಷಣವೇ ಹೀಗೆ: ಕಡಿಮೆಯಾಗುತ್ತ ಬಂದ ನೋವು ಮೂರನೆಯ ದಿನದ ಹೊತ್ತಿಗೆ ತಿರುಗಿ ಏರುತ್ತದೆ. ಸಿಗರೇಟು ದೊಡ್ಡ ಕಾರಣ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲೂ ಹೆಚ್ಚು, ಏನೂ ತಪ್ಪು ಮಾಡದವರಿಗೂ ಆಗುವುದಿದೆ. ಗುಳಿ ತೊಳೆದು ಲವಂಗದೆಣ್ಣೆಯ ಅಂಶವಿರುವ ಮದ್ದು ತುಂಬಿದರು. ನನ್ನ ಹೊಲಿಗೆ ಬಿಚ್ಚಿ ಮುಗಿಯುವ ಹೊತ್ತಿಗೆ ಅವನು ಆಗಲೇ ಫೋನು ನೋಡುತ್ತಿದ್ದ.

ಹೊಲಿಗೆ ಹೋದ ಮೇಲೂ ಗುಳಿ ಉಳಿಯುತ್ತದೆ. ಮೇಲ್ಮೈ ಮುಚ್ಚಲು ಕೆಲವು ವಾರ, ಒಳಗೆ ಮೂಳೆ ತುಂಬಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಪ್ರತಿ ಊಟಕ್ಕೂ ಏನಾದರೊಂದು ಹೋಗಿ ಕೂರುತ್ತದೆ. ವೈದ್ಯರು ತುದಿ ಬಾಗಿದ ಒಂದು ಪ್ಲಾಸ್ಟಿಕ್ ಸಿರಿಂಜ್ ಕೊಟ್ಟು, ಊಟವಾದ ಮೇಲೆ ಉಪ್ಪುನೀರು ತುಂಬಿ ಗುಳಿಯೊಳಗೆ ಮೆಲ್ಲಗೆ ಚಿಮ್ಮಿಸಿ ಅಂದರು. ಮೊದಲ ರಾತ್ರಿ ಬಚ್ಚಲಲ್ಲಿ ನಿಂತು ಚಿಮ್ಮಿಸಿದೆ. ಎರಡು ಅಗುಳು, ಒಂದು ಸಾಸಿವೆ ಕಾಳು ಬಂತು. ಸಾಸಿವೆ ಹಾಕಿದ ಒಗ್ಗರಣೆ ತಿಂದು ಮೂರು ದಿನವಾಗಿತ್ತು.